ಲಕ್ಷದಲ್ಲಿ ಉಳಿದ ಒಂದು ಬತ್ತಿ

“ಲಕ್ಷಬತ್ತಿಯನ್ನು ನಲವತ್ತೊಂದರ ಕಟ್ಟುಗಳಾಗಿಯೇ ಕಟ್ಟಬೇಕು, ಅದು ಶಾಸ್ತ್ರ. ಬೈಕುಲ್ಲಾದ ಒಂದು ಚಾಳಿನಲ್ಲಿ ಯಾರೋ ಲೆಕ್ಕದವನು ತನ್ನ ಬುದ್ಧಿ ಓಡಿಸಿ ಒಂದು ಬತ್ತಿ ಕಮ್ಮಿ ಬೀಳಿಸಿದ. ಕಡೆಗೆ ಆ ಅಜ್ಜಿಗೆ ಲಕ್ಷ ತುಂಬಿತೆಂದು ಸುಳ್ಳು ಹೇಳಿ ಕಾಫಿ ಕುಡಿಸಿದರು.”

ಮಲಾಡ್, ಗೋರೆಗಾಂವ್ ಕಡೆಯ ನಮ್ಮವರ ಮದುವೆ, ಉಪನಯನಗಳಲ್ಲಿ ಎರಡನೆಯ ಪಂಕ್ತಿಗೆ ಕಾದು ಕುಳಿತವರು ಈ ಕತೆಯನ್ನು ಹೇಳಿಕೊಂಡು ನಗುವುದನ್ನು ನಾನು ಎಷ್ಟೋ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಹೇಳುವವರಲ್ಲಿ ಹೆಚ್ಚಿನವರು ಆಗ ಹುಟ್ಟಿರಲಿಲ್ಲ. ಆ ಲೆಕ್ಕದವನು ತಮ್ಮ ಎದುರಿಗೇ ಕುಳಿತು ಹಪ್ಪಳ ಮುರಿಯುತ್ತಿದ್ದಾನೆಂಬುದೂ ಅವರಿಗೆ ಗೊತ್ತಿರುವುದಿಲ್ಲ. ಇಷ್ಟು ಕಾಲ ಸುಮ್ಮನಿದ್ದೆ. ಹೋದ ತಿಂಗಳು ಒಬ್ಬ ಪುರೋಹಿತರು, ವಿದ್ಯಾವಂತರು, ಮೈಕಿನ ಮುಂದೆ ಅದೇ ನಲವತ್ತೊಂದರ ಶಾಸ್ತ್ರವನ್ನು ಗಂಭೀರವಾಗಿ ಬೋಧಿಸಿದ ಮೇಲೆ ಸುಮ್ಮನಿರುವುದು ಸರಿಯಲ್ಲವೆನಿಸಿತು. ಆ ಶಾಸ್ತ್ರ ಯಾವ ಋಷಿಯದ್ದೂ ಅಲ್ಲ. ಅದು ನನ್ನದು. ಅದನ್ನು ನಾನು ಹೋಟೆಲೊಂದರ ಉಗ್ರಾಣದಲ್ಲಿ, ಉದ್ದಿನ ಬೇಳೆಯ ಚೀಲದ ಮೇಲೆ ಕುಳಿತು ಕಂಡುಹಿಡಿದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಬೈಕುಲ್ಲಾದ ಮಾರ್ಕೆಟ್ಟಿನ ಹಿಂದೆ ನಮ್ಮ ಚಾಳು, ಒಂದೊಂದು ಖೋಲಿಯಲ್ಲಿ ಒಂದೊಂದು ಸಂಸಾರವಿರುವ ಮಹಡಿ ವಠಾರ. ಅದರ ಎರಡನೆಯ ಮಹಡಿಯ ಉದ್ದನೆಯ ಗ್ಯಾಲರಿಯಲ್ಲಿ ಉಡುಪಿ, ಮಂಗಳೂರು ಕಡೆಯ ಒಂಬತ್ತು ಸಂಸಾರಗಳಿದ್ದವು; ಮೆಟ್ಟಿಲ ಪಕ್ಕದ ಹತ್ತನೆಯ ಖೋಲಿಯಲ್ಲಿ ವಿಜಯಪುರದ ಕಡೆಯ ಒಬ್ಬ ಪಿಂಜಾರರು, ಹತ್ತಿ ಹಿಂಜಿ ಗಾದಿ ಕಟ್ಟುವವರು, ಹೆಂಡತಿಯೊಡನೆ ಇದ್ದರು. ನಾನು ಮೂರನೆಯ ಮಹಡಿಯಲ್ಲಿ ಹೋಟೆಲಿನ ಇತರ ಕೆಲಸಗಾರರ ಜೊತೆಗಿದ್ದೆ. ಉಗ್ರಾಣದಿಂದ ಅಕ್ಕಿ, ಬೇಳೆ ಅಳೆದುಕೊಡುವುದು ನನ್ನ ಉದ್ಯೋಗ. ಶಾಲೆಯನ್ನು ಮೂರನೆಯ ತರಗತಿಗೇ ಬಿಟ್ಟವನು. ಮುಂದಿನದನ್ನೆಲ್ಲ ಫುಟ್‌ಪಾತಿನಲ್ಲಿ ಕೊಂಡ ರಟ್ಟಿಲ್ಲದ ಅಂಕಗಣಿತದ ಪುಸ್ತಕವೊಂದರಿಂದ ಕಲಿತೆ. ಆ ಪುಸ್ತಕದ ಕೊನೆಯ ಪುಟಗಳು, ಅಂದರೆ ಉತ್ತರಗಳು, ಹರಿದುಹೋಗಿದ್ದವು. ಆದ್ದರಿಂದ ಯಾರೇ ಕೊಟ್ಟ ಉತ್ತರವನ್ನು ಸ್ವತಃ ಮಾಡಿ ನೋಡದೆ ಒಪ್ಪಬಾರದೆಂಬ ಅಭ್ಯಾಸ ನನಗೆ ಆಗಲೇ ಅಂಟಿತು.

ನಮ್ಮ ಹೋಟೆಲಿನ ಧಣಿಗಳ ತಾಯಿ, ಕತೆಯಲ್ಲಿ ಬರುವ ಅಜ್ಜಿ, ಆ ಒಂಬತ್ತು ಮನೆಗಳಲ್ಲಿ ಮೊದಲನೆಯದರಲ್ಲಿದ್ದರು. ಮಗ ಗೋರೆಗಾಂವಿನಲ್ಲಿ ಹೊಸ ಬಿಲ್ಡಿಂಗಿಗೆ ಹೋದರೂ ಅವರು ಹೋಗಲಿಲ್ಲ; ಅಲ್ಲಿ ಬಾಗಿಲು ಮುಚ್ಚಿಕೊಂಡು ಕೂರುತ್ತಾರಂತೆ, ಯಾರ ಮನೆಯಲ್ಲಿ ಏನು ಸಾರು ಎಂದೇ ತಿಳಿಯುವುದಿಲ್ಲವಂತೆ. ಅವರ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಗೆ ಮೊದಲು ದೇವರಿಗೆ ಹರಸಿಕೊಂಡರು: ಕಣ್ಣು ಬಂದರೆ ಕಾರ್ತಿಕದಲ್ಲಿ ಲಕ್ಷಬತ್ತಿ ಉರಿಸುತ್ತೇನೆ. ಲಕ್ಷಬತ್ತಿಯೆಂದರೆ ಹತ್ತಿಯಿಂದ ಕೈಯಲ್ಲೇ ಒಂದು ಲಕ್ಷ ಬತ್ತಿಗಳನ್ನು ಹೊಸೆದು, ತುಪ್ಪದಲ್ಲಿ ನೆನೆಸಿ, ದೇವರ ಮುಂದೆ ಬೆಳಗುವ ವ್ರತ. ಏನಾದರೊಂದು ಬಿಡದಿದ್ದರೆ ಹರಕೆಗೆ ಬಿಗಿ ಬರುವುದಿಲ್ಲವೆಂದು ಅದಕ್ಕೆ ತಾವಾಗಿಯೇ ಇನ್ನೊಂದು ಮಾತು ಸೇರಿಸಿದರು: ಲಕ್ಷ ತುಂಬುವವರೆಗೆ ಕಾಫಿ ಮುಟ್ಟುವುದಿಲ್ಲ.

ಕಣ್ಣು ಬಂತು. ಅದೇ ಎಲ್ಲರಿಗೂ ತಾಪತ್ರಯವಾದದ್ದು. ಕಾಫಿಯಿಲ್ಲದ ತಲೆ, ಹೊಸದಾಗಿ ಬಂದ ದೃಷ್ಟಿ. ಶ್ರಾವಣದ ಮೊದಲ ವಾರ ಮುಗಿಯುವುದರೊಳಗೆ ಅಜ್ಜಿ ಒಂಬತ್ತು ಮನೆಗಳ ಜೇಡರ ಬಲೆಗಳನ್ನೂ, ಪಾತ್ರೆಗಳ ತಳದ ಮಸಿಯನ್ನೂ, ಮದುವೆಯಾದ ಇಬ್ಬರು ಹೆಣ್ಣುಮಕ್ಕಳ ಬಿಳಿಗೂದಲನ್ನೂ ಪತ್ತೆಹಚ್ಚಿ ಗ್ಯಾಲರಿಯಲ್ಲಿ ನಿಂತು ಘೋಷಿಸಿದರು. ಬೆಳಗ್ಗೆ ಹಾಲಿನ ಬಾಟಲಿ ತಂದವನಿಗೆ, “ನಿನ್ನ ಮೂಗು ಸ್ವಲ್ಪ ಎಡಕ್ಕೆ ಉಂಟಲ್ಲ ಮಾರಾಯ, ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ” ಅಂದರು. ಅವನು ಮರುದಿನದಿಂದ ಬಾಟಲಿಯನ್ನು ಮೆಟ್ಟಿಲ ಬಳಿಯೇ ಇಟ್ಟು ಹೋಗತೊಡಗಿದ.

ಒಬ್ಬರೇ ಲಕ್ಷ ಹೊಸೆಯುವಷ್ಟರಲ್ಲಿ ಚಾಳಿನಲ್ಲಿ ಯಾರೂ ಉಳಿಯುವುದಿಲ್ಲವೆಂದು ಉಳಿದ ಎಂಟು ಮನೆಯ ಹೆಂಗಸರು ನಿಶ್ಚಯಿಸಿದರು. ನಾವೂ ಕೈ ಕೂಡಿಸುತ್ತೇವೆ ಎಂದರು. ಅಜ್ಜಿ ಒಪ್ಪಿದರು, ಆದರೆ ಹಿಂದಿನ ಚೌತಿಯಲ್ಲಿ ಮೋದಕ ಯಾರು ಎಷ್ಟು ಮಾಡಿದರೆಂಬ ವಿಷಯಕ್ಕೆ ಮೂರು ತಿಂಗಳು ಮಾತು ಬಿಟ್ಟ ಮನೆಗಳಿದ್ದವು. ಆದ್ದರಿಂದ ಮೊದಲೇ ದೀಪದ ಮೇಲೆ ಕೈಯಿಡಿಸಿ ಎಲ್ಲರಿಂದ ಆಣೆ ಮಾಡಿಸಿಕೊಂಡರು, ತಾವೂ ಮಾಡಿದರು: ಒಂಬತ್ತು ಮನೆಗೂ ಸಮಪಾಲು, ಒಬ್ಬರಿಗೂ ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಆಣೆಯಾದ ಮೇಲೆ ನನ್ನನ್ನು ಕರೆಸಿದರು. ಓದುಗರು ಈ ಅನುಕ್ರಮವನ್ನು ಗಮನಿಸಬೇಕು. ಮೊದಲು ಆಣೆ, ಆಮೇಲೆ ಭಾಗಾಕಾರ.

ಗ್ಯಾಲರಿಯಲ್ಲಿ ಚಾಪೆ ಹಾಸಿ ಒಂಬತ್ತು ಮಂದಿ ಕುಳಿತಿದ್ದರು. ಪಿಂಜಾರರ ಹೆಂಡತಿ ಹಿಂಜಿದ ಹತ್ತಿಯ ಮೂಟೆ ತಂದುಕೊಟ್ಟು, ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ತಮಾಷೆ ನೋಡುತ್ತ ಕುಳಿತಿದ್ದರು. ನಾನು ಸ್ಲೇಟಿನ ಮೇಲೆ ಲಕ್ಷವನ್ನು ಒಂಬತ್ತರಿಂದ ಭಾಗಿಸಿದೆ. ಮನೆಗೆ ಹನ್ನೊಂದು ಸಾವಿರದ ನೂರ ಹನ್ನೊಂದು. ಐದು ಒಂದುಗಳು ಸಾಲಾಗಿ ನಿಂತದ್ದನ್ನು ನೋಡಿ ಎಲ್ಲರಿಗೂ ಖುಷಿಯಾಯಿತು. ನಾನು ಶೇಷವನ್ನು ಓದಿದೆ: ಒಂದು.

“ಒಂದು ಎಂತದು?” ಅಜ್ಜಿ ಕೇಳಿದರು.

“ಒಂದು ಬತ್ತಿ ಉಳೀತದೆ ಅಜ್ಜಿ. ಯಾರ ಪಾಲಿಗೂ ಬರುದಿಲ್ಲ.”

“ಸರಿ ಭಾಗ ಮಾಡು ಮಾಣಿ. ನಿದ್ದೆಗಣ್ಣಲ್ಲಿ ಮಾಡಿದಿ.”

ಮತ್ತೆ ಮಾಡಿದೆ. ಮತ್ತೆ ಒಂದು. ಹಾಲಿನಲ್ಲಿ ನೀರು ಹಾಕಿದವನನ್ನು ನೋಡುವಂತೆ ಎಲ್ಲರೂ ನನ್ನನ್ನು ನೋಡಿದರು. ಮೂರನೆಯ ಮನೆಯವರು, ಅಜ್ಜಿಯ ದೂರದ ಸಂಬಂಧಿ, ಒಂದು ಉಪಾಯ ಸೂಚಿಸಿದರು: “ಲಕ್ಷ ಸಣ್ಣದಾಯ್ತೋ ಎಂತದೋ. ಹತ್ತು ಲಕ್ಷ ಮಾಡಿದ್ರೆ ಸರಿ ಹೋದೀತು.”

“ಹತ್ತು ಲಕ್ಷಕ್ಕೂ ಒಂದೇ ಉಳಿಯುದು ಅಕ್ಕ. ಕೋಟಿಗೂ ಒಂದೇ. ಬರೀ ಹತ್ತನ್ನೇ ಒಂಬತ್ತರಿಂದ ಭಾಗಿಸಿ, ಅದಕ್ಕೂ ಒಂದೇ.”

“ಅಷ್ಟು ದೊಡ್ಡ ಕೋಟಿಗೂ, ಇಷ್ಟು ಸಣ್ಣ ಹತ್ತಕ್ಕೂ ಒಂದೇ ಶೇಷವಾ? ಹಾಗಾದ್ರೆ ಕೋಟಿ ಆಗಿ ಎಂತ ಪ್ರಯೋಜನ?”

ಆ ಪ್ರಶ್ನೆಗೆ ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಲಕ್ಷವೆಂಬ ಸಂಖ್ಯೆಯ ಸ್ವಭಾವವನ್ನು ಮಾತ್ರ ವಿವರಿಸಿದೆ. ಅದು ಹೊರಗಿನಿಂದ ದೊಡ್ಡ ಬಂಗಲೆ, ಒಳಗೆ ಎರಡು ಮತ್ತು ಐದು ಎಂಬ ಎರಡೇ ಬಾಡಿಗೆದಾರರು. ಎರಡನ್ನು ಐದು ಸಲ, ಐದನ್ನು ಐದು ಸಲ ಗುಣಿಸಿದರೆ ಲಕ್ಷ ಸಿದ್ಧ. ಮೂರಕ್ಕೆ ಅಲ್ಲಿ ಪ್ರವೇಶವಿಲ್ಲ. ಮೂರರ ಮಗನಾದ ಒಂಬತ್ತಕ್ಕೂ ಇಲ್ಲ. ಎಂಟು ಮನೆಯಿದ್ದರೆ ಹನ್ನೆರಡೂವರೆ ಸಾವಿರ ಚೊಕ್ಕವಾಗಿ ಬರುತ್ತಿತ್ತು, ಎಂದೆ.

ಅದನ್ನು ಹೇಳಬಾರದಿತ್ತು. ಬಿಡಬೇಕಾದ ಆ ಒಂದು ಮನೆ ಯಾವುದೆಂಬ ಚರ್ಚೆ ಸಂಜೆಯವರೆಗೆ ನಡೆಯಿತು. ಹತ್ತು ಮನೆಯಿದ್ದರೂ ಆಗುತ್ತಿತ್ತು ಎಂದು ನಾನು ಸೇರಿಸಿದ್ದು ಆ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

“ಒಂದು ಬಿಟ್ಟೇ ಬಿಡುವ ಅಜ್ಜಿ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಅಂದ್ರೆ ದೇವರು ಬೇಡ ಅಂತಾನಾ?” ಎಂದು ಕೊನೆಯ ಮನೆಯ ಹೊಸ ಸೊಸೆ ಮೆಲ್ಲಗೆ ಕೇಳಿದಳು.

“ಅದು ಹರಕೆಯಲ್ಲ ಕೂಸೇ, ಚಪ್ಪಲಿ ಅಂಗಡಿಯ ರೇಟು” ಅಂದರು ಅಜ್ಜಿ.

ಕಡೆಗೆ ಆ ಒಂದನ್ನು ಕೊನೆಗೆ ನೋಡಿಕೊಳ್ಳುವುದೆಂದು ನಿರ್ಣಯವಾಗಿ ಹೊಸೆಯಲು ಆರಂಭವಾಯಿತು. ಮಧ್ಯಾಹ್ನದ ಹೊತ್ತು ಆ ಗ್ಯಾಲರಿಯಲ್ಲಿ ಓಡಾಡುವುದೇ ಕಷ್ಟವಾಯಿತು. ನಮ್ಮ ಹೋಟೆಲಿನ ದೋಸೆಯಲ್ಲಿ ಒಮ್ಮೆ ಹತ್ತಿ ಬಂದು, ಗಿರಾಕಿಯೊಬ್ಬ ತನಗೆ ಗಾಯವಾಗಿಲ್ಲವೆಂದು ತಮಾಷೆ ಮಾಡಿದ.

ಈಗ ನಲವತ್ತೊಂದಕ್ಕೆ ಬರುತ್ತೇನೆ. ಹೆಂಗಸರು ಮೊದಲು ನೂರು ನೂರಾಗಿ ಕಟ್ಟು ಕಟ್ಟುತ್ತಿದ್ದರು. ಹಾಗೆ ಕಟ್ಟಿದರೆ ಪ್ರತಿ ಮನೆಯಲ್ಲೂ ಹನ್ನೊಂದು ಬಿಡಿ ಬತ್ತಿಗಳು ಉಳಿಯುತ್ತವೆ. ಬಿಡಿ ಬತ್ತಿಯ ಪಾಡು ಹೇಳತೀರದು. ಫ್ಯಾನಿನ ಗಾಳಿಗೆ ಪಕ್ಕದ ಮನೆಗೆ ಹಾರುವುದು, ಅವರು ಅದು ತಮ್ಮದೆನ್ನುವುದು, ಬೆಕ್ಕಿನ ಮೇಲೆ ಆರೋಪ. ಬಿಡಿ ಉಳಿಯದಂತೆ ಕಟ್ಟುವ ದಾರಿ ಹುಡುಕಬೇಕೆಂದು ನಾನು ಉಗ್ರಾಣದಲ್ಲಿ ಕುಳಿತು ಹನ್ನೊಂದು ಸಾವಿರದ ನೂರ ಹನ್ನೊಂದನ್ನು ಒಂದೊಂದಾಗಿ ಭಾಗಿಸುತ್ತ ಹೋದೆ. ಮೂರು ಹೋಗಲಿಲ್ಲ. ಏಳು ಎರಡನ್ನು ಉಳಿಸಿತು. ಹನ್ನೊಂದು ಖಂಡಿತ ಹೋದೀತೆಂದು ನಂಬಿದ್ದೆ, ಅಷ್ಟೊಂದು ಒಂದುಗಳಿರುವಾಗ, ಅದೂ ಕೈಕೊಟ್ಟಿತು. ಹದಿಮೂರು, ಹದಿನೇಳು, ಹತ್ತೊಂಬತ್ತು, ಯಾವುದೂ ಇಲ್ಲ. ಇಪ್ಪತ್ತಮೂರು ಏಳರಂತೆಯೇ ಎರಡನ್ನು ಉಳಿಸಿ ಅಣಕಿಸಿತು. ಮೂವತ್ತೇಳರವರೆಗೆ ಬಂದಾಗ ಇದು ಯಾರಿಗೂ ಬಗ್ಗದ ಸಂಖ್ಯೆಯೆಂದು ತೀರ್ಮಾನಿಸಿ ಪೆನ್ಸಿಲು ಕೆಳಗಿಟ್ಟಿದ್ದೆ. ಅಡುಗೆಯವರು ಬೇಳೆ ಕೇಳಿಕೊಂಡು ಬಂದು, ನಾನು ಕೂತ ಚೀಲವೇ ಬೇಕೆಂದು ಎಬ್ಬಿಸಿದರು. ಎದ್ದು ನಿಂತೇ ನಲವತ್ತೊಂದನ್ನು ಪ್ರಯತ್ನಿಸಿದೆ. ಇನ್ನೂರ ಎಪ್ಪತ್ತೊಂದು ಸಲ ಹೋಗಿ ಶೇಷ ಸೊನ್ನೆಯಾಯಿತು. ಆ ಎರಡೂ ಸಂಖ್ಯೆಗಳು ಇನ್ನು ಒಡೆಯುವಂಥವಲ್ಲ. ಅಂದರೆ ಈ ಬತ್ತಿಗಳನ್ನು ಬಿಡಿಯಿಲ್ಲದೆ ಕಟ್ಟುವುದಕ್ಕೆ ಇರುವುದು ಎರಡೇ ದಾರಿ: ನಲವತ್ತೊಂದರ ಇನ್ನೂರ ಎಪ್ಪತ್ತೊಂದು ಕಟ್ಟು, ಇಲ್ಲವೇ ಇನ್ನೂರ ಎಪ್ಪತ್ತೊಂದರ ನಲವತ್ತೊಂದು ಕಟ್ಟು. ಇನ್ನೂರ ಎಪ್ಪತ್ತೊಂದು ಬತ್ತಿ ಒಂದು ಮುಷ್ಟಿಗೆ ಹಿಡಿಯುವುದಿಲ್ಲ.

ಓಡಿಹೋಗಿ ಹೇಳಿದೆ: “ಇನ್ನು ಮೇಲೆ ಎಲ್ಲರೂ ನಲವತ್ತೊಂದರ ಕಟ್ಟು ಕಟ್ಟಿ.”

“ನಲವತ್ತೊಂದೇ ಎಂತಕ್ಕೆ?”

“ಬೇರೆ ಯಾವುದಕ್ಕೂ ಆ ಸಂಖ್ಯೆ ಒಪ್ಪುದಿಲ್ಲ.”

ಅಜ್ಜಿ ಕೈಮುಗಿದರು. ಸಂಖ್ಯೆ ಒಪ್ಪುವುದಿಲ್ಲವೆಂದು ನಾನಂದದ್ದು ಮರುದಿನ ನೀರಿನ ನಲ್ಲಿಯ ಬಳಿ ದೇವರು ಒಪ್ಪುವುದಿಲ್ಲವೆಂದಾಯಿತು. ದೀಪಾವಳಿಯ ಹೊತ್ತಿಗೆ ಮಲಾಡಿನ ಬಂಧುಗಳ ಮನೆಗಳಲ್ಲಿ ಶಾಸ್ತ್ರವಾಯಿತು. ನಾನು ತಿದ್ದಲು ಹೋದೆ. “ನೀವು ಸುಮ್ಮನಿರಿ, ನಿಮಗೆ ಶಾಸ್ತ್ರ ಎಲ್ಲಿ ಗೊತ್ತು?” ಅಂದರು.

ಕಾರ್ತಿಕ ಬಂತು. ಒಂಬತ್ತು ಮನೆಗಳಿಂದ ಕಟ್ಟುಗಳು ಅಜ್ಜಿಯ ಖೋಲಿಗೆ ಬಂದು ಬಿದ್ದವು. ಒಂದೊಂದು ಮನೆಯದನ್ನೂ ಎಣಿಸಿ, ಇನ್ನೂರ ಎಪ್ಪತ್ತೊಂದು ಸರಿಯಿದೆಯೆಂದು ನಾನೇ ಸಾರಿದೆ. ಒಲೆಯ ಪಕ್ಕದಲ್ಲಿ ಮೂರು ತಿಂಗಳ ಬಳಿಕ ಹೊರಬಂದ ಫಿಲ್ಟರು ಡಿಕಾಕ್ಷನ್ ಇಳಿಸುತ್ತಿತ್ತು. ಅಜ್ಜಿ ಆ ಕಡೆ ನೋಡುವುದಿಲ್ಲವೆಂದು ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಮೂಗು ಮಾತ್ರ ಆ ಕಡೆಗಿತ್ತು. ಉಳಿದದ್ದು ಒಂದು ಬತ್ತಿ.

“ಅಜ್ಜಿ, ಹರಕೆ ನಿಮ್ಮದು. ನೀವೇ ಹೊಸೆದುಬಿಡಿ” ಎಂದರು ಮೂರನೆಯ ಮನೆಯವರು.

“ನಾನು ಹೊಸೆದ್ರೆ ನನ್ನದು ಒಂದು ಹೆಚ್ಚಾಯ್ತು. ದೀಪದ ಮೇಲೆ ಕೈಯಿಟ್ಟದ್ದು ಎಂತಕ್ಕೆ? ಬಂದ ಕಣ್ಣು ವಾಪಸ್ ಹೋದ್ರೆ ನೀನು ಕೊಡ್ತಿಯಾ?”

ಆಣೆ ಎಲ್ಲರ ಮೇಲೂ ಇತ್ತು. ಅಜ್ಜಿಗೆ ಸಲ್ಲದ್ದು ಉಳಿದ ಎಂಟು ಮಂದಿಗೂ ಸಲ್ಲುವುದಿಲ್ಲ. ಡಿಕಾಕ್ಷನ್ ಪೂರ್ತಿ ಇಳಿಯಿತು. ಹಾಲು ಒಮ್ಮೆ ಉಕ್ಕಿತು, ಇಳಿಸಿದರು, ಮತ್ತೆ ಇಟ್ಟರು. ಆಗ ನನಗೆ ಹೊಳೆಯಿತು: ಒಂದನ್ನು ಒಂಬತ್ತರಿಂದ ಭಾಗಿಸಿದರೆ ಆಯಿತಲ್ಲ. ಉದ್ದನೆಯ ಒಂದು ಬತ್ತಿ. ಒಂಬತ್ತು ಮಂದಿಯೂ ಅದರ ಒಂಬತ್ತರಲ್ಲೊಂದು ಪಾಲನ್ನು ಏಕಕಾಲಕ್ಕೆ ಹೊಸೆಯುವುದು.

ಗ್ಯಾಲರಿಯ ಉದ್ದಕ್ಕೂ ಹತ್ತಿ ಎಳೆದು ಹಿಡಿದು ಒಂಬತ್ತು ಹೆಂಗಸರು ಅದರ ಎರಡೂ ಬದಿಗೆ ಸಾಲಾಗಿ ಕುಳಿತರು. ನಾನು ಒಂದು, ಎರಡು, ಮೂರು ಎಂದೆ. ನಾಲ್ವರು ಬಲಕ್ಕೆ ತಿರುವಿದರು, ಐವರು ಎಡಕ್ಕೆ. ಬತ್ತಿ ಆರು ಕಡೆ ಹರಿಯಿತು. ಎರಡನೆಯ ಸಲ ಬಲಕ್ಕೇ ತಿರುವಬೇಕೆಂದು ಹೇಳಿದೆ. ಎದುರುಬದುರು ಕುಳಿತಿದ್ದರಿಂದ ಯಾರ ಬಲವೆಂದು ಜಗಳವಾಯಿತು. ಮೂರನೆಯ ಸಲ ಹೊಸ ಸೊಸೆಗೆ ಸೀನು ಬಂತು.

ಬಾಗಿಲ ಬಳಿ ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದ ಪಿಂಜಾರರ ಹೆಂಡತಿ ಎದ್ದು ಬಂದರು. “ಏನ್ರಿ ಇದು, ಒಂದ ಬತ್ತಿ ಸಲುವಾಗಿ ನನ್ನ ಅರ್ಧ ಸೇರು ಹತ್ತಿ ಹಾಳ ಮಾಡಿದ್ರಿ. ಸರೀರಿ ಅತ್ಲಾಗ.” ನೆಲದಿಂದ ಒಂದು ತುಣುಕು ಹತ್ತಿ ಎತ್ತಿಕೊಂಡು, ಸೆರಗಿಗೆ ಕೈ ಒರೆಸಿ, ಅಂಗೈಯಲ್ಲಿ ಒಮ್ಮೆ ಉಜ್ಜಿ, ಅಜ್ಜಿಯ ಮುಂದಿನ ತಟ್ಟೆಯಲ್ಲಿಟ್ಟರು. “ತಗೋ ಆಯಿ. ಆತಿಲ್ಲೋ ನಿನ್ನ ಲಕ್ಷ? ಇನ್ನ ಕಾಫಿ ಕುಡಿ. ನಿನ್ನ ಕಾಫಿ ವಾಸನಿಗೆ ನನಗೂ ತಲಿ ನೋಯಾಕತ್ತೈತಿ.”

ದೀಪದ ಮೇಲೆ ಅವರು ಕೈಯಿಟ್ಟಿರಲಿಲ್ಲ. ಆಣೆ ಅವರನ್ನು ಕಟ್ಟುವುದಿಲ್ಲ. ಅದು ನಿಯಮಕ್ಕೆ ಸರಿಯಾಗಿಯೇ ಇತ್ತು. ಮೂರನೆಯ ಮನೆಯವರು ಮಾತ್ರ ಗಂಟಲು ಸರಿಮಾಡಿಕೊಂಡು, “ಅಲ್ಲ, ಇದು ಲೆಕ್ಕಕ್ಕೆ ಬರ್ತದಾ ಅಂತ” ಎಂದರು.

ಅಜ್ಜಿ ಬತ್ತಿಯನ್ನು ಎತ್ತಿ ಹೊಸ ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಕಟ್ಟುಗಳ ರಾಶಿಯತ್ತ ನೋಡಿದರು.

“ಬರ್ತದೆ. ಇದೊಂದೇ ನೆಟ್ಟಗೆ ಉಂಟು. ನಿಮ್ಮದೆಲ್ಲ ಚೇರಟೆ ಹುಳ ಸುರುಳಿ ಸುತ್ತಿ ಸತ್ತು ಬಿದ್ದ ಹಾಗೆ ಉಂಟು. ಕಾಫಿ ತನ್ನಿ.”

ತಂದರು. ಅಜ್ಜಿ ಲೋಟ ಎತ್ತಿ, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿದರು. ಕಣ್ಣು ತೆರೆದು ಮೇಲಿನ ಮೂಲೆಯ ಜೇಡರ ಬಲೆಯನ್ನು ನೋಡಿದರು. ಮತ್ತೆ ಲೋಟಕ್ಕೇ ಬಾಯಿಟ್ಟರು. ಒಂಬತ್ತು ಮನೆಗಳೂ ಉಸಿರು ಬಿಟ್ಟವು. ಪಿಂಜಾರರ ಹೆಂಡತಿಗೂ ಒಂದು ಲೋಟ ಬಂತು.

ಅಂದು ಸಂಜೆಯೇ ಹೋಟೆಲಿನ ದೊಡ್ಡ ಕಡಾಯಿಯನ್ನು ಟೆರೇಸಿಗೆ ಹೊತ್ತು, ತುಪ್ಪದಲ್ಲಿ ನೆಂದ ಲಕ್ಷವನ್ನು ಬೆಳಗಿದೆವು. ಬೆಳಕು ಎಷ್ಟಿತ್ತೆಂದರೆ ಎದುರಿನ ಬಿಲ್ಡಿಂಗಿನವರು ಬೆಂಕಿ ಆರಿಸುವ ಬಂಬ್ ಕರೆಸಲು ಹೊರಟಿದ್ದರು. ಪ್ರಸಾದ ಕಳಿಸಿ ತಡೆದೆವು.

ಹಾಗಾದರೆ ಒಂದು ಕಮ್ಮಿಯೆಂಬ ಮಾತು ಎಲ್ಲಿಂದ ಬಂತು? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಆ ಒಂಬತ್ತು ಮಂದಿಯೂ ಮುಂದೆ ಮಕ್ಕಳಿಗೆ, ಸೊಸೆಯಂದಿರಿಗೆ ತಮ್ಮ ಪಾಲನ್ನು ಹೆಮ್ಮೆಯಿಂದ ಹೇಳಿಕೊಂಡರು: ನಾನು ಹನ್ನೊಂದು ಸಾವಿರದ ನೂರ ಹನ್ನೊಂದು ಹೊಸೆದೆ. ಕೊನೆಯ ಬತ್ತಿಯ ಮಾತನ್ನು ಯಾರೂ ಎತ್ತಲಿಲ್ಲ; ಬತ್ತಿಗಳನ್ನು ಚೇರಟೆಗೆ ಹೋಲಿಸಿದ್ದನ್ನೂ ಹೇಳಬೇಕಾಗುತ್ತಿತ್ತಲ್ಲ. ಕೇಳಿಸಿಕೊಂಡ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದಿದವರು. ಒಂಬತ್ತರಿಂದ ಗುಣಿಸಿ ನೋಡಿದರು, ಒಂದು ಕಮ್ಮಿ ಬಂತು, ಅಜ್ಜಿ ಕಾಫಿ ಕುಡಿದದ್ದೋ ಖಚಿತ. ಉಳಿದದ್ದನ್ನು ತಾವೇ ಕಟ್ಟಿಕೊಂಡರು. ಗುಣಾಕಾರ ಸರಿಯಾಗಿತ್ತೆಂದು ಒಪ್ಪುತ್ತೇನೆ.

ನನ್ನ ಮಾತನ್ನು ನಂಬಬೇಕಾಗಿಲ್ಲ. ಎರಡು ಸಾಕ್ಷಿಗಳು ಇನ್ನೂ ಇವೆ. ಮೊದಲನೆಯದು ಲಕ್ಷ. ಅದು ಚಾಳು ಬಿಟ್ಟು ಹೋಗಿಲ್ಲ, ಮುದಿಯಾಗಿಲ್ಲ. ಪೆನ್ಸಿಲು ಇರುವ ಯಾರಾದರೂ ಅದನ್ನು ನಲವತ್ತೊಂದರಿಂದ ಭಾಗಿಸಿ ನೋಡಲಿ: ಎರಡು ಸಾವಿರದ ನಾನೂರ ಮೂವತ್ತೊಂಬತ್ತು ಕಟ್ಟುಗಳಾಗಿ, ಮತ್ತೆ ಅದೇ ಒಂದು ಬತ್ತಿ ಉಳಿಯುತ್ತದೆ. ಪ್ರತಿ ಸಲವೂ ಒಂದು ಬಿಡಿ ಬತ್ತಿಯನ್ನು ಕೈಯಲ್ಲಿ ಹಿಡಿಸಿ ನಿಲ್ಲಿಸುವ ಕಟ್ಟನ್ನು ಯಾವ ಶಾಸ್ತ್ರವಾದರೂ ವಿಧಿಸೀತೇ ಎಂದು ಪುರೋಹಿತರು ಯೋಚಿಸಲಿ.

ಎರಡನೆಯ ಸಾಕ್ಷಿ ಪಿಂಜಾರರ ಹೆಂಡತಿ. ಈಗ ಮಲಾಡಿನಲ್ಲಿ ಮೊಮ್ಮಗನ ಮನೆಯಲ್ಲಿದ್ದಾರೆ. ಮಾತಿಗೆ ಯಾರು ಹೋದರೂ ಸಂತೋಷ. ಮೊಮ್ಮಕ್ಕಳದು ಹಿಂದಿ, ಅವರದು ಇನ್ನೂ ಅದೇ ಕನ್ನಡ. ಈ ಲೇಖನ ಬರೆಯುವ ಮೊದಲು ಹೋಗಿ ಕೇಳಿದೆ. ಹತ್ತು ಮನೆಯೆಂದು ಭಾಗಿಸಿದ್ದರೆ ತಲಾ ಹತ್ತು ಸಾವಿರ ಚೊಕ್ಕವಾಗಿ ಬರುತ್ತಿತ್ತು, ನೀವು ಅಲ್ಲೇ ಕುಳಿತಿದ್ದಿರಿ, ಯಾರಿಗೂ ಹೊಳೆಯಲಿಲ್ಲ ಎಂದೆ.

“ನಂಗ ಹೊಳದಿತ್ತು” ಅಂದರು. “ಬಾಯಿ ಬಿಟ್ರ ಹತ್ತು ಸಾವಿರ ಹೊಸೀಬೇಕಿತ್ತು. ಒಂದರಾಗ ಮುಗೀತು ನೋಡ್ರಿ.”

ಬತ್ತಿ ಹೊಸೆದದ್ದು, ತಟ್ಟೆಯಲ್ಲಿಟ್ಟದ್ದು, ಅಜ್ಜಿ ಒಪ್ಪಿದ್ದು ಎಲ್ಲವೂ ನನ್ನ ನೆನಪಿನಂತೆಯೇ ಅವರ ನೆನಪಿನಲ್ಲೂ ಇದೆ. ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಹೊಂದುವುದಿಲ್ಲ. ಅಂದಿನ ಕಾಫಿಗೆ ಸಕ್ಕರೆ ಹಾಕಿರಲಿಲ್ಲವೆಂದು ಅವರು ಹೇಳುತ್ತಾರೆ. ಹಾಕಿದ್ದರು. ಉಗ್ರಾಣದಿಂದ ಅಳೆದುಕೊಟ್ಟವನು ನಾನು.